ಮುಕ್ಕಾಲು ಲೀಟರ್

ನಮ್ಮ ಅಡುಗೆಮನೆ ಕಿಟಕಿಯ ಪಕ್ಕ ಒಂದು ಸ್ಟೀಲ್ ಬಾಟಲಿ ಇದೆ. ಮುಕ್ಕಾಲು ಲೀಟರ್ ಹಿಡಿಯುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ನಾನು ಮಾಡುವ ಮೊದಲ ಕೆಲಸ ಅದನ್ನು ತುಂಬಿಸಿಡುವುದು. ನಮ್ಮ ಯಜಮಾನರಿಗೆ ಇಡೀ ದಿನಕ್ಕೆ ಅಷ್ಟೇ ನೀರು. ಮಾತ್ರೆ ನುಂಗುವುದಕ್ಕೂ ಅದರಲ್ಲೇ ಆಗಬೇಕು. ಕಾಫಿ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ತೆಗೆಯುತ್ತೇನೆ, ಮಜ್ಜಿಗೆ ಕುಡಿದರೆ ಮತ್ತಷ್ಟು. ಸಂಜೆ ಹೊತ್ತಿಗೆ ಬಾಟಲಿ ಅಲ್ಲಾಡಿಸಿ ನೋಡಿ, ಇನ್ನೂ ಎರಡು ಗುಟುಕು ಇದೆ ಅಂತ ಗೊತ್ತಾದಾಗ ಅವರ ಮುಖದಲ್ಲಿ ಒಂದು ಸಮಾಧಾನ ಬರುತ್ತದಲ್ಲ, ಅದನ್ನು ನೋಡಿದ ಮೇಲೆ ನಾನು ಯಾವತ್ತೂ ನೀರನ್ನು ಸುಮ್ನೆ ಚೆಲ್ಲಿಲ್ಲ.

ಅವರ ಎರಡೂ ಕಿಡ್ನಿ ಹೋಗಿವೆ, ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಂತುಬಿಡುತ್ತದೆ. ಬಿ.ಪಿ. ಇತ್ತು, ವರ್ಷಗಟ್ಟಲೆ ಇತ್ತು, ನಮಗೆ ಗೊತ್ತೇ ಇರಲಿಲ್ಲ. ತಲೆನೋವು ಅಂದರೆ ಒಂದು ಮಾತ್ರೆ, ಸುಸ್ತು ಅಂದರೆ ಅಂಗಡಿ ಕೆಲಸ ಜಾಸ್ತಿ ಆಯಿತು ಅನ್ನುವುದು. ಅವರದು ಹಾಸನದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಸುಟ್ಟ ಮೋಟಾರ್ ಹೊತ್ತುಕೊಂಡು ರೈತರು ಬಂದರೆ, ಬೆಳೆ ಒಣಗುತ್ತಿದೆ ಅಂತ ಅವರು ಹೇಳಿದರೆ, ಇವರು ರಾತ್ರಿ ಹನ್ನೊಂದರವರೆಗೂ ಕೂತು ತಂತಿ ಸುತ್ತಿ ಮಾರನೇ ದಿನ ಬೆಳಿಗ್ಗೆಯೇ ಕೊಟ್ಟು ಕಳಿಸುತ್ತಿದ್ದರು. 2021ರ ನವೆಂಬರಿನಲ್ಲಿ ಕಾಲು ಊದಿಕೊಂಡಿತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ 11 ದಾಟಿತ್ತು. ಒಂದರ ಆಸುಪಾಸು ಇರಬೇಕಾದದ್ದು ಅದು. ಆ ವಾರವೇ ಡಯಾಲಿಸಿಸ್ ಶುರುವಾಯಿತು, ಇನ್ನೂ ನಿಂತಿಲ್ಲ.

ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಮಂಗಳವಾರ, ಗುರುವಾರ, ಶನಿವಾರ. ಎಡಗೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ ರಕ್ತನಾಳ ಎರಡನ್ನು ಸೇರಿಸಿದ್ದಾರೆ, ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅಲ್ಲಿಗೆ ಎರಡು ದಪ್ಪ ಸೂಜಿ ಚುಚ್ಚಿ, ಒಂದರಿಂದ ರಕ್ತ ಎಳೆದು, ಯಂತ್ರದಲ್ಲಿ ಸೋಸಿ, ಇನ್ನೊಂದರಿಂದ ವಾಪಸ್ ಬಿಡುತ್ತಾರೆ. ಮೈಯಲ್ಲಿ ಇರುವುದು 5 ಲೀಟರ್ ರಕ್ತ. ಅದೇ ರಕ್ತ ನಾಲ್ಕು ಗಂಟೆಯಲ್ಲಿ ಮತ್ತೆ ಮತ್ತೆ ಹತ್ತಾರು ಸಲ ಸುತ್ತು ಬರುತ್ತದೆ. ಒಂದು ಸಲದ ಡಯಾಲಿಸಿಸ್‌ಗೆ ಯಂತ್ರಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು ಅಂತ ಟೆಕ್ನಿಷಿಯನ್ ಹುಡುಗ ಒಂದು ದಿನ ಹೇಳಿದ. ಯಂತ್ರಕ್ಕೆ 120 ಲೀಟರ್, ಅದರ ಪಕ್ಕದಲ್ಲೇ ಮಲಗಿರುವ ಮನುಷ್ಯನಿಗೆ ಮುಕ್ಕಾಲು ಲೀಟರ್. ಜನ್ಮವೆಲ್ಲ ನೀರೆತ್ತುವ ಮೋಟಾರ್ ರಿಪೇರಿ ಮಾಡಿದ ಮನುಷ್ಯನಿಗೆ.

ಊಟದ್ದು ಇನ್ನೊಂದು ಕಷ್ಟ. ಕಿಡ್ನಿ ಕೆಲಸ ಮಾಡದಿದ್ದರೆ ಪೊಟ್ಯಾಸಿಯಂ ಮೈಯಲ್ಲೇ ಉಳಿದುಬಿಡುತ್ತದೆ. ಅದು ಏರಿದರೆ ಹೃದಯಕ್ಕೇ ಅಪಾಯ. ಯಾವುದೆಲ್ಲ ಕೊಡಬಾರದು ಅಂತ ಡಯಟೀಷಿಯನ್ ಬರೆದುಕೊಟ್ಟ ಚೀಟಿ ನೋಡಿದರೆ ನಮ್ಮ ಜಿಲ್ಲೆಯ ಹೊಲ-ತೋಟಗಳನ್ನೇ ಬರೆದುಕೊಟ್ಟ ಹಾಗಿತ್ತು. ಆಲೂಗಡ್ಡೆ, ಎಳನೀರು, ಬಾಳೆಹಣ್ಣು, ಸೊಪ್ಪು. ಕಾಫಿಯೂ ಲೆಕ್ಕದಲ್ಲಿ. ಅರಸೀಕೆರೆ ಕಡೆ ಅತ್ತೆಯವರ ಊರಿನಲ್ಲಿ ನಮ್ಮದು ನಲವತ್ತು ತೆಂಗಿನಮರ ಇದೆ. ಸ್ವಂತ ಮರದ ಒಂದು ಎಳನೀರು ಕುಡಿಯುವ ಹಾಗಿಲ್ಲ. ಆಲೂಗಡ್ಡೆ ತಿನ್ನಲೇಬೇಕು ಅನ್ನಿಸಿದರೆ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿ, ಮತ್ತೆ ಬೇರೆ ನೀರಿನಲ್ಲಿ ಬೇಯಿಸಿ ಅದನ್ನೂ ಚೆಲ್ಲಬೇಕು. ಬಸ್ಸಾರಿನ ಗತಿ ಏನು ಹೇಳಿ? ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲೇ ಅಲ್ವಾ ಬಸ್ಸಾರು ಇರುವುದು? ಮದುವೆಯಾದ ಹೊಸದರಲ್ಲಿ ಅತ್ತೆ ನನಗೆ ಕಲಿಸಿದ ಮೊದಲ ಅಡುಗೆ ಅದು. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಮಾಡಿಲ್ಲ. ಅವರೊಬ್ಬರನ್ನು ಬಿಟ್ಟು ನಾವು ತಿನ್ನುವುದಕ್ಕೆ ಮನಸ್ಸು ಬರುವುದಿಲ್ಲ.

ಇದಕ್ಕೆಲ್ಲ ದಾರಿ ಒಂದೇ, ಬೇರೆ ಕಿಡ್ನಿ ಹಾಕಿಸುವುದು. ನಾನು ಕೊಡೋಣ ಅಂತಲೇ ಹೊರಟೆ. ಪರೀಕ್ಷೆಯಲ್ಲಿ ನನಗೇ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯಿತು, ಬೇಡ ಅಂದರು. ಮೈದುನನಿಗೆ ಬಿ.ಪಿ. ಇದೆ. ಅತ್ತೆಗೆ ಎಪ್ಪತ್ತಾರು ವರ್ಷ. ಒಂದು ಸಂಜೆ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆಯೇ "ಅಮ್ಮಾ, ನಂದು ಕೊಡಬಹುದಾ?" ಅಂತ ಕೇಳಿದಳು. ಆಗ ಅವಳಿಗೆ ಹದಿಮೂರು. ಹದಿನೆಂಟು ತುಂಬದೆ ಕಾನೂನು ಒಪ್ಪುವುದಿಲ್ಲ ಕಂದ ಅಂದೆ. ಕಾನೂನು ಒಪ್ಪಿದರೂ ಅವರಪ್ಪ ಒಪ್ಪುವುದಿಲ್ಲ ಅನ್ನುವುದು ನನಗೂ ಗೊತ್ತು, ಅವಳಿಗೂ ಗೊತ್ತು.

ಹಾಗಾಗಿ 2022ರಲ್ಲಿ ಹೆಸರು ಬರೆಸಿದೆವು. ನಮ್ಮ ರಾಜ್ಯದಲ್ಲಿ ಸತ್ತವರ ಅಂಗಾಂಗಗಳನ್ನು ಕಾಯುತ್ತಿರುವವರಿಗೆ ಹಂಚುವ ವ್ಯವಸ್ಥೆ ನೋಡಿಕೊಳ್ಳುವುದು ಜೀವಸಾರ್ಥಕತೆ ಅನ್ನುವ ಸರ್ಕಾರಿ ಸಂಸ್ಥೆ. ನಾವೇ ನೇರವಾಗಿ ಹೋಗಿ ಹೆಸರು ಕೊಡುವಂತಿಲ್ಲ, ಕಸಿ ಮಾಡುವ ಆಸ್ಪತ್ರೆಯ ಮೂಲಕ ಹೋಗಬೇಕು. ದೇಶಕ್ಕೆಲ್ಲ ಇದಕ್ಕೆ 1994ರ ಒಂದು ಕಾನೂನಿದೆ, ದುಡ್ಡಿಗೆ ಕೊಂಡುಕೊಳ್ಳುವುದು ಅಪರಾಧ. ರಕ್ತದ ಗುಂಪು ಹೊಂದಬೇಕು, ಡಯಾಲಿಸಿಸ್ ಶುರುವಾಗಿ ಎಷ್ಟು ಕಾಲವಾಯಿತು ಅನ್ನುವಂಥ ವಿಷಯಗಳನ್ನೂ ನೋಡಿ ಸರದಿ ಮಾಡುತ್ತಾರೆ. ನಮ್ಮವರದು ಓ ಗುಂಪು. ಓ ಗುಂಪಿನವರ ಕಿಡ್ನಿ ಬೇರೆ ಗುಂಪಿನವರಿಗೂ ಒಗ್ಗುತ್ತದೆ, ಆದರೆ ಓ ಗುಂಪಿನವರಿಗೆ ಓ ಗುಂಪಿನದೇ ಆಗಬೇಕು. ಅವರಿಗೆ ಕಾಯುವುದು ಜಾಸ್ತಿ. ಹೆಸರು ಬರೆದುಕೊಂಡವರು "ಫೋನ್ ಯಾವತ್ತೂ ಆಫ್ ಮಾಡಬೇಡಿ" ಅಂದರು. ಅವತ್ತಿನಿಂದ ಆಫ್ ಮಾಡಿಲ್ಲ. ಚರ್ಚಿನಲ್ಲಿ ಆರಾಧನೆ ನಡೆಯುವಾಗಲೂ ಇಲ್ಲ. ಸಭೆಯವರೆಲ್ಲರಿಗೂ ಗೊತ್ತು, ನನ್ನ ಫೋನ್ ಬಡಿದುಕೊಂಡರೆ ಯಾರೂ ತಿರುಗಿ ನೋಡಿ ಮುಖ ಗಂಟಿಕ್ಕುವುದಿಲ್ಲ. ಎಲ್ಲರೂ ಉಸಿರು ಹಿಡಿದುಕೊಳ್ಳುತ್ತಾರೆ.

ಇಷ್ಟು ಹೇಳಿದ್ದು ಯಾಕೆ ಅಂದರೆ, ನಾನು ನಿಜವಾಗಿ ಹೇಳಬೇಕಾದದ್ದು ಪ್ರಾರ್ಥನೆಯ ವಿಷಯ.

ಹೆಸರು ಬರೆಸಿ ಬಂದ ರಾತ್ರಿ ಮೊಣಕಾಲೂರಿದೆ. "ಕರ್ತನೇ, ಬೇಗ ಒಂದು ಕಿಡ್ನಿ ಸಿಗುವ ಹಾಗೆ ಮಾಡು" ಅಂತ ಬಾಯಿ ತೆರೆದೆ. ಅರ್ಧಕ್ಕೇ ನಿಂತೆ. ಬೇಗ ಸಿಗುವ ಹಾಗೆ ಅಂದರೆ ಏನು? ಯಾರೋ ಒಬ್ಬರು ಬೇಗ ಸಾಯಲಿ ಅಂತಲಾ? ಅದೂ ಮುಪ್ಪಾಗಿ ಸತ್ತವರದು ಸಾಮಾನ್ಯವಾಗಿ ಆಗುವುದಿಲ್ಲ. ಹೆಚ್ಚಿನ ಸಲ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ, ಮಿದುಳು ಸತ್ತು, ವೆಂಟಿಲೇಟರ್‌ನಿಂದಾಗಿ ಎದೆಬಡಿತ ಮಾತ್ರ ಉಳಿದಿರುವವರು. ವಯಸ್ಸಿನ ಹುಡುಗರು. ಬೆಳಿಗ್ಗೆ ಬೈಕ್ ತೆಗೆದುಕೊಂಡು ಹೋದವರು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಹೋದಾಗ ಅವರ ಮನೆಯವರು ಅಂಗಾಂಗ ದಾನ ಮಾಡಿದ್ದು ನಿಮಗೆ ನೆನಪಿರಬಹುದು. ಅವರ ಊರು ಪಂಚನಹಳ್ಳಿ, ನಮ್ಮ ಅರಸೀಕೆರೆಗೆ ಅಂಟಿಕೊಂಡಿರುವ ಕಡೂರು ತಾಲ್ಲೂಕು. ಅತ್ತೆ ಟಿ.ವಿ. ಮುಂದೆ ಕೂತು, ನಮ್ಮ ಕಡೆ ಹುಡುಗ ಅಂತ ಸ್ವಂತದವರು ಹೋದ ಹಾಗೆ ಅತ್ತಿದ್ದರು. ಆಗ ನಮ್ಮ ಮನೆಗೆ ಈ ಕಾಯಿಲೆ ಕಾಲಿಟ್ಟಿರಲಿಲ್ಲ, ಅಥವಾ ಇಟ್ಟಿತ್ತು, ಗೊತ್ತಿರಲಿಲ್ಲ. ಈಗ ಪ್ರಾರ್ಥನೆಗೆ ಕೂತರೆ ಆ ಅಳುವೇ ಕಿವಿಯಲ್ಲಿ ಕೇಳುತ್ತಿತ್ತು. ಅಂಥದೊಂದು ಮನೆ ನನಗೋಸ್ಕರ ಸಿದ್ಧವಾಗಲಿ ಅಂತ ದೇವರನ್ನು ಹೇಗೆ ಕೇಳಲಿ?

ಎಷ್ಟೋ ತಿಂಗಳು ನಾನು ಆ ಪ್ರಾರ್ಥನೆಯನ್ನು ಮಾಡಲೇ ಇಲ್ಲ. ಬೇರೆ ಎಲ್ಲದಕ್ಕೂ ಮಾಡಿದೆ. ಮಗಳ ಪರೀಕ್ಷೆ, ಅತ್ತೆಯ ಮೊಣಕಾಲು, ಮಳೆ. ಮುಖ್ಯವಾದದ್ದರ ಸುತ್ತ ಸುತ್ತಿ ಬಂದೆ.

ಕೊನೆಗೆ ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರ ಹತ್ತಿರ ಹೇಳಿಕೊಂಡೆ. ಅವರು ತಕ್ಷಣ ಉತ್ತರ ಕೊಡಲಿಲ್ಲ, ಅದಕ್ಕೇ ಅವರ ಮೇಲೆ ನನಗೆ ಗೌರವ. ಮುಂದಿನ ವಾರ ಮನೆಗೇ ಬಂದು ಹೇಳಿದರು: "ನೋಡಮ್ಮ, ದೇವರು ಒಬ್ಬರ ಮನೆ ದೀಪ ಆರಿಸಿ ಇನ್ನೊಬ್ಬರ ಮನೆಗೆ ಹಚ್ಚುವವನಲ್ಲ. ಸಾವು ಅದರ ಪಾಡಿಗೆ ಬರುತ್ತದೆ. ಆದರೆ ಆ ಸಾವಿನ ಮನೆಯಲ್ಲಿ, ಎದೆ ಒಡೆದುಕೊಂಡಿರುವ ಹೊತ್ತಿನಲ್ಲಿ, ಯಾರೋ ಒಬ್ಬರು 'ಕೊಡ್ತೀವಿ' ಅನ್ನುತ್ತಾರಲ್ಲ, ಆ ಮಾತು ಸುಮ್ನೆ ಬರುವುದಿಲ್ಲ. ಆ ಮಾತಿಗಾಗಿ ಪ್ರಾರ್ಥನೆ ಮಾಡಿ. ಆ ಮನೆಯವರಿಗಾಗಿ ಮಾಡಿ. ಅವರು ಯಾರು ಅಂತ ನಿಮಗೆ ಗೊತ್ತಿಲ್ಲದಿದ್ದರೆ ಏನಂತೆ, ಆತನಿಗೆ ಗೊತ್ತು." ಅವತ್ತಿನಿಂದ ನಮ್ಮ ಮನೆಯ ರಾತ್ರಿ ಪ್ರಾರ್ಥನೆಯಲ್ಲಿ ಹೆಸರಿಲ್ಲದ ಒಂದು ಕುಟುಂಬ ಸೇರಿಕೊಂಡಿತು. ಮಗಳು ಅವರನ್ನು "ಆ ಮನೆಯವರು" ಅನ್ನುತ್ತಾಳೆ. ಆ ಮನೆಯವರನ್ನು ಕಾಪಾಡು, ಅವರ ಮಕ್ಕಳು ಹೆಲ್ಮೆಟ್ ಹಾಕಿಕೊಳ್ಳಲಿ ಅಂತ ಕೂಡ ಒಂದು ಸಲ ಪ್ರಾರ್ಥನೆ ಮಾಡಿದಳು. ಅದಕ್ಕೂ ಆಮೆನ್ ಅಂದೆ. ಅಂದಮೇಲೆ ಹೊಟ್ಟೆಯೊಳಗೆ ಏನೋ ಸಡಿಲವಾಯಿತು.

ಎಲ್ಲರೂ ಅಯ್ಯನವರ ಹಾಗೆ ಇರುವುದಿಲ್ಲ. ಪ್ರಾರ್ಥನೆ ಮಾಡುತ್ತೇನೆ ಅಂತ ಬಂದ ಒಬ್ಬ ಪ್ರಸಂಗಿ ನಮ್ಮ ನಡುಮನೆಯಲ್ಲೇ ಕೂತು, ನಿಮಗೆ ನಂಬಿಕೆ ಸಾಲದು, ನಿಜವಾದ ನಂಬಿಕೆ ಇದ್ದರೆ ಡಯಾಲಿಸಿಸ್ ಬಿಟ್ಟು ದೇವರ ಮೇಲೆ ಭಾರ ಹಾಕಿ ಅಂದರು. ನಮ್ಮ ಯಜಮಾನರು ಏನೂ ಹೇಳಲಿಲ್ಲ. ನನಗೆ ಕೈ ನಡುಗಿತು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಅಂಥ ಮಾತು ಬಿದ್ದಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ: ಡಯಾಲಿಸಿಸ್ ಬಿಟ್ಟರೆ ಕೆಲವೇ ದಿನಗಳಲ್ಲಿ ಜೀವ ಹೋಗುತ್ತದೆ. ಆ ಯಂತ್ರ, ಅದನ್ನು ತೊಳೆದು ಸಿದ್ಧ ಮಾಡುವ ಆ ಹುಡುಗ, ಸೂಜಿ ಚುಚ್ಚುವ ಮೊದಲು "ಅಣ್ಣ, ಸ್ವಲ್ಪ ನೋವಾಗುತ್ತೆ" ಅನ್ನುವ ಆ ನರ್ಸಮ್ಮ, ಇವೂ ದೇವರ ಕರುಣೆಯೇ. ನಮಗೆ ಬೇಕಾದ ಕರುಣೆ ಬಂದಿಲ್ಲ ಅಂತ ಬಂದಿರುವ ಕರುಣೆಯನ್ನು ಬಾಗಿಲಿನಿಂದಲೇ ವಾಪಸ್ ಕಳಿಸುವುದಕ್ಕೆ ನಂಬಿಕೆ ಅಂತ ನಾನು ಹೆಸರಿಡುವುದಿಲ್ಲ.

ಆದರೂ ಆ ಮಾತು ಚುಚ್ಚಿತು. ಅವತ್ತು ರಾತ್ರಿ ನಿದ್ದೆ ಬರದೆ ಬೈಬಲ್ ತೆಗೆದೆ. ಪ್ರಲಾಪಗಳು ಪುಸ್ತಕ. ದೇವರ ಕರುಣೆ ಪ್ರತಿ ಬೆಳಿಗ್ಗೆ ಹೊಸದು ಅನ್ನುವ ಮಾತು ಇರುವುದು ಅಲ್ಲೇ, ಮೂರನೇ ಅಧ್ಯಾಯದಲ್ಲಿ. ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಕಂಠಪಾಠ ಮಾಡಿದ್ದು. ಕ್ಯಾಲೆಂಡರಿನಲ್ಲಿ, ಮದುವೆ ಕಾರ್ಡಿನಲ್ಲಿ ನೋಡಿದ್ದು. ಆದರೆ ಅದರ ಹಿಂದೆ ಮುಂದೆ ಏನಿದೆ ಅಂತ ನಾನು ಯಾವತ್ತೂ ಸರಿಯಾಗಿ ಓದಿರಲಿಲ್ಲ. ಬಾಬೆಲಿನವರು ಕ್ರಿ.ಪೂ. 586ರಲ್ಲಿ ಯೆರೂಸಲೇಮನ್ನು ಸುಟ್ಟುಹಾಕಿದ ಮೇಲೆ ಹುಟ್ಟಿದ ಅಳು ಅದು. ಮಕ್ಕಳು ಬೀದಿಯಲ್ಲಿ ಅನ್ನ ಅನ್ನ ಅಂತ ಕೂಗುತ್ತಾ ಬೀಳುತ್ತಾರೆ. ಅದೇ ಮೂರನೇ ಅಧ್ಯಾಯದ ಶುರುವಿನಲ್ಲಿ ಬರೆದವನು, ನಾನು ಕೂಗಿದರೂ ಆತನು ನನ್ನ ಪ್ರಾರ್ಥನೆಗೆ ಬಾಗಿಲು ಹಾಕಿಕೊಂಡಿದ್ದಾನೆ ಅನ್ನುತ್ತಾನೆ. ನನ್ನ ನಿರೀಕ್ಷೆ ಹೋಯಿತು ಅನ್ನುತ್ತಾನೆ. ಅದಾಗಿ ನಾಲ್ಕೇ ವಚನಕ್ಕೆ ಕರುಣೆಯ ಮಾತು. ಮಧ್ಯದಲ್ಲಿ ಏನೂ ನಡೆದಿಲ್ಲ. ಊರು ಇನ್ನೂ ಸುಟ್ಟೇ ಇದೆ. ಯಾರೂ ಬಂದು ಬಿಡಿಸಿಲ್ಲ. ಪುಸ್ತಕದ ಕೊನೆ ಕೂಡ ಸುಖಾಂತ್ಯ ಅಲ್ಲ, ನಮ್ಮನ್ನು ಪೂರ್ತಿ ಕೈಬಿಟ್ಟುಬಿಟ್ಟೆಯಾ ಅನ್ನುವ ಭಯದಲ್ಲೇ ಅದು ಮುಗಿಯುತ್ತದೆ.

ನಂಬಿಕೆ ಸಾಲದು ಅಂದವರು ಈ ಪುಸ್ತಕ ಬರೆದವನಿಗೆ ಏನು ಹೇಳುತ್ತಿದ್ದರೋ. ನನಗಂತೂ ಅವತ್ತು ರಾತ್ರಿ ಅಡುಗೆಮನೆಯ ಲೈಟಿನ ಕೆಳಗೆ ಕೂತು ಒಬ್ಬ ಜೊತೆಗಾರ ಸಿಕ್ಕ ಹಾಗಾಯಿತು. ದೇವರು ಬಾಗಿಲು ಹಾಕಿಕೊಂಡಿದ್ದಾನೆ ಅಂತ ದೇವರ ಮುಖಕ್ಕೇ ಹೇಳಬಹುದು, ಹೇಳಿದ ಅದೇ ಬಾಯಲ್ಲಿ ನೀನು ಕರುಣಾಳು ಅಂತಲೂ ಅನ್ನಬಹುದು. ಎರಡೂ ನಿಜವಾಗಿಯೇ ಹೇಳಬಹುದು.

ಆಮೇಲಿನಿಂದ ಬೈಬಲಿನಲ್ಲಿ ಕಾಯುವವರನ್ನು ಹುಡುಕಿಕೊಂಡು ಓದುತ್ತಾ ಹೋದೆ. ಸಂತಾನ ಕೊಡುತ್ತೇನೆ ಅಂತ ದೇವರು ಮಾತು ಕೊಟ್ಟಾಗ ಅಬ್ರಹಾಮನಿಗೆ 75 ವರ್ಷ, ಮಗ ಇಸಾಕ ಹುಟ್ಟಿದಾಗ 100. ಪ್ರಸಂಗದಲ್ಲಿ ಈ 25 ವರ್ಷವನ್ನು ಒಂದು ಉಸಿರಿಗೆ ಹೇಳಿ ಮುಗಿಸುತ್ತಾರೆ. ಆದಿಕಾಂಡದ 16ನೇ ಅಧ್ಯಾಯ ಮುಗಿಯುವಾಗ ಅವನಿಗೆ 86. 17ನೇ ಅಧ್ಯಾಯ ಶುರುವಾಗುವಾಗ 99. ನಡುವಿನ 13 ವರ್ಷದ ಬಗ್ಗೆ ಒಂದು ಅಕ್ಷರವೂ ಇಲ್ಲ. ದೇವರು ಮಾತಾಡಿದ ಅಂತ ಇಲ್ಲ, ಅಬ್ರಹಾಮ ಕೇಳಿದ ಅಂತಲೂ ಇಲ್ಲ. ಪುಟದ ಮೇಲೆ ಒಂದು ಬೆರಳಿನಷ್ಟು ಬಿಳಿ ಜಾಗ. ನಾವು ಇರುವುದು ಅಂಥ ಜಾಗದಲ್ಲೇ ಅಲ್ವಾ? ಆ 13 ವರ್ಷವೂ ಅವನು ಬೆಳಿಗ್ಗೆ ಎದ್ದಿರುತ್ತಾನೆ, ಕುರಿಗಳನ್ನು ಬಿಟ್ಟಿರುತ್ತಾನೆ, ಹೆಂಡತಿ ಸಾರಾ ರೊಟ್ಟಿ ಸುಟ್ಟಿರುತ್ತಾಳೆ.

ಮನ್ನದ ಕತೆ ಮಾತ್ರ ನನ್ನ ಕೈಗೆ ಸಿಕ್ಕಿದ್ದು ಬಾಟಲಿ ತುಂಬಿಸುವಾಗ. ಇಸ್ರಾಯೇಲ್ಯರು ಅಡವಿಯಲ್ಲಿ 40 ವರ್ಷ ತಿಂದದ್ದು ಅದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಬಿದ್ದಿರುತ್ತಿತ್ತು. ತಲೆಗೆ ಒಂದು ಅಳತೆಯಂತೆ ಆರಿಸಿಕೊಳ್ಳಬೇಕು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಬಿಟ್ಟು ಬೇರೆ ಯಾವತ್ತು ನಾಳೆಗೆ ಅಂತ ಎತ್ತಿಟ್ಟರೂ ಹುಳ ಬೀಳುತ್ತಿತ್ತು. ಒಂದು ದಿನ ಬೆಳಿಗ್ಗೆ, ನೀರು ಬಾಟಲಿಯ ಕತ್ತಿನವರೆಗೆ ಬರುವುದನ್ನು ನೋಡುತ್ತಾ ನಿಂತಿದ್ದೆ, ಇದೂ ಅದೇ ಅಲ್ವಾ ಅನ್ನಿಸಿತು. ಅಳತೆ ಇದೆ. ನಾಳೆಯದನ್ನು ಇವತ್ತು ಕುಡಿಯುವ ಹಾಗಿಲ್ಲ, ನಿನ್ನೆ ಉಳಿದದ್ದನ್ನು ಇವತ್ತಿಗೆ ಸೇರಿಸಿಕೊಳ್ಳುವ ಹಾಗಿಲ್ಲ. ಅವತ್ತವತ್ತಿಗೆ ಅಷ್ಟಷ್ಟು. ನಾನು ದೇವರ ಹತ್ತಿರ ಮುಂದಿನ ಹತ್ತು ವರ್ಷಕ್ಕೆ ಆಗುವಷ್ಟು ಧೈರ್ಯವನ್ನು ಒಂದೇ ಸಲ ಕೇಳುತ್ತಿದ್ದೆ. ಡಯಾಲಿಸಿಸ್ ನಡುವೆ ಬಿ.ಪಿ. ಇಳಿದುಹೋದರೆ, ಫಿಸ್ಟುಲಾ ಮುಚ್ಚಿಹೋದರೆ, ಅಂಗಡಿ ಮಾರಬೇಕಾಗಿ ಬಂದರೆ, ಮಗಳ ಕಾಲೇಜು. ಅಷ್ಟಕ್ಕೂ ಸೇರಿಸಿ ಬೇಕು ಅಂತ. ಕೊಟ್ಟಿದ್ದರೂ ಎಲ್ಲಿ ಇಟ್ಟುಕೊಳ್ಳುತ್ತಿದ್ದೆನೋ. ಈಗ ಬಾಟಲಿ ತುಂಬಿಸುವಾಗ "ಇವತ್ತಿನದು ಕೊಡಪ್ಪಾ" ಅಂತಷ್ಟೇ ಕೇಳುತ್ತೇನೆ. ಮಂಗಳವಾರ ಅವರ ಕಾಲಿಗೆ ಸೆಳೆತ ಬಂದು ಕೂಗಿಕೊಂಡಾಗ ಮಂಗಳವಾರಕ್ಕೆ ಆಗುವಷ್ಟು ಇತ್ತು. ಬುಧವಾರದ ಚಿಂತೆಗೆ ಇರಲಿಲ್ಲ, ನಿಜ. ಬುಧವಾರ ಬಂದಾಗ ಇತ್ತು.

ಹಾಸನದವರಿಗೆ ಕಾಯುವುದು ಹೊಸದೇನಲ್ಲ. ಹಾಸನಾಂಬೆಯ ಗುಡಿ ಬಾಗಿಲು ವರ್ಷಕ್ಕೆ ಒಂದೇ ಸಲ ತೆರೆಯುವುದು, ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ದೀಪಾವಳಿ ಮುಗಿಯುವ ಹೊತ್ತಿಗೆ ಮತ್ತೆ ಮುಚ್ಚುತ್ತದೆ. ಎದುರು ಮನೆ ಅಕ್ಕ ಪ್ರತಿ ವರ್ಷ ತಪ್ಪದೆ ಹೋಗುತ್ತಾರೆ, ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ನಾವು ಚರ್ಚಿಗೆ ಹೋಗುವವರು ಅಂತ ಅವರಿಗೆ ಗೊತ್ತು. ಆದರೂ ಬಂದು "ನಿಮ್ಮ ಯಜಮಾನ್ರ ಹೆಸರು ಹೇಳ್ಕೊಂಡು ಕೈಮುಗಿದು ಬಂದೆ ಕಣಮ್ಮ, ಬೇಜಾರಿಲ್ಲ ತಾನೆ?" ಅಂದರು. ಬೇಜಾರೇ? ಕಾಲು ಊದಿಕೊಂಡಿತ್ತು ಅವರಿಗೆ, ನಿಂತು ನಿಂತು. ನಾನು ಅವರ ಕೈ ಹಿಡಿದುಕೊಂಡೆ, ಮಾತು ಬರಲಿಲ್ಲ. ನನ್ನ ನಂಬಿಕೆ ಏನು ಅನ್ನುವುದು ನನಗೆ ಸ್ಪಷ್ಟ ಇದೆ. ಅವರ ಪ್ರೀತಿ ಎಂಥದು ಅನ್ನುವುದೂ ಅಷ್ಟೇ ಸ್ಪಷ್ಟ.

ಫೋನ್ ಬಂದದ್ದು 2024ರಲ್ಲಿ, ಗುಡಿ ಬಾಗಿಲು ತೆರೆದಿದ್ದ ಆ ದಿನಗಳಲ್ಲೇ. ಊರಿನ ತುಂಬ ಲೈಟು, ಜನ. ರಾತ್ರಿ ಒಂಬತ್ತಕ್ಕೆ. ಓ ಗುಂಪಿನ ಒಂದು ಕಿಡ್ನಿ ಇದೆ, ಸರದಿಯಲ್ಲಿ ನೀವೂ ಇದ್ದೀರಿ, ಏನೂ ತಿನ್ನದೆ ಕುಡಿಯದೆ ತಕ್ಷಣ ಹೊರಟು ಬನ್ನಿ ಅಂದರು. ಖಚಿತ ಅಲ್ಲ, ಒಬ್ಬರಿಗಿಂತ ಜಾಸ್ತಿ ಜನರನ್ನು ಕರೆದಿದ್ದೇವೆ, ಕ್ರಾಸ್ ಮ್ಯಾಚ್ ಆಗಬೇಕು ಅಂತಲೂ ಹೇಳಿದರು. ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮೈದುನ ಕಾರ್ ತಂದ. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್. ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್ ದಾರಿ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ನೆಲಮಂಗಲ ದಾಟುವಾಗ ನಮ್ಮ ಯಜಮಾನರು ಮೆಲ್ಲಗೆ ಕೇಳಿದರು: "ಆ ಮನೆಯವರು ಈಗ ಎಲ್ಲಿ ಕೂತಿರ್ತಾರೆ?"

ರಕ್ತ ತೆಗೆದುಕೊಂಡರು. ದಾನಿಯ ಜೀವಕೋಶದ ಜೊತೆ ಇವರ ರಕ್ತದ ಅಂಶ ಬೆರೆಸಿ, ಇವರ ಮೈ ಆ ಕಿಡ್ನಿಯ ಮೇಲೆ ತಿರುಗಿಬೀಳುತ್ತದಾ ಅಂತ ನೋಡುತ್ತಾರೆ. ಕೆಲವು ಗಂಟೆ ಬೇಕು. ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮ ಹಾಗೇ ಇನ್ನೊಂದು ಕುಟುಂಬ ಇತ್ತು. ಚಿಕ್ಕ ವಯಸ್ಸಿನ ಗಂಡ ಹೆಂಡತಿ, ಅವಳ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದ ಮಗು. ಕೇಳದೆಯೇ ಗೊತ್ತಾಯಿತು. ಅವನ ಕೈಯಲ್ಲೂ ಫಿಸ್ಟುಲಾ ಉಬ್ಬಿತ್ತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇಬ್ಬರೂ ಕಣ್ಣು ತಪ್ಪಿಸಿದೆವು. ಆ ಗಂಟೆಗಳಲ್ಲಿ ನನ್ನ ಪ್ರಾರ್ಥನೆ ಸ್ವಚ್ಛವಾಗಿರಲಿಲ್ಲ. ನಮಗೆ ಆಗಲಿ, ನಮಗೆ ಆಗಲಿ ಅಂತಲೇ ಇತ್ತು.

ನಮ್ಮಪ್ಪ ಹಾಸನದಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ರಾತ್ರಿ ಕಾವಲಿಗಿದ್ದರು. ಮೂರರಿಂದ ನಾಲ್ಕರವರೆಗಿನ ಗಂಟೆ ಬಹಳ ಉದ್ದ ಕಣೇ ಅನ್ನುತ್ತಿದ್ದರು, ಗಡಿಯಾರ ನೋಡಬಾರದು, ಹಾಲಿನ ವ್ಯಾನಿನ ಸದ್ದು ಬರುವವರೆಗೆ ಸುಮ್ನೆ ಒಂದು ಸುತ್ತು, ಇನ್ನೊಂದು ಸುತ್ತು ಹಾಕುತ್ತಿರಬೇಕು. 130ನೇ ಕೀರ್ತನೆಯಲ್ಲಿ ಕಾವಲುಗಾರರು ಬೆಳಗಾಗುವುದನ್ನು ಕಾಯುವುದಕ್ಕಿಂತ ಜಾಸ್ತಿ ನನ್ನ ಪ್ರಾಣ ಕರ್ತನನ್ನು ಕಾಯುತ್ತದೆ ಅಂತ ಬರುತ್ತದೆ, ಆ ಕಾವಲುಗಾರರ ಮಾತನ್ನು ಅಲ್ಲೇ ಎರಡು ಸಲ ಹೇಳುತ್ತದೆ. ಎರಡನೆಯದು ಯಾಕೆ ಅಂತ ಅವತ್ತು ನನಗೆ ಗೊತ್ತಾಯಿತು. ಕಾರಿಡಾರಿನಲ್ಲಿ ಎದ್ದು ಒಂದು ಸುತ್ತು ಹಾಕಿದೆ. ಬಂದು ಕೂತೆ. ಇನ್ನೊಂದು ಸುತ್ತು ಹಾಕಿದೆ.

ನಾಲ್ಕೂವರೆಗೆ ಬಂದು ಹೇಳಿದರು. ಅವರಿಗೆ.

ಆ ಹುಡುಗಿ ಅಲ್ಲೇ ನೆಲದ ಮೇಲೆ ಕೂತು ಮಗುವನ್ನು ತಬ್ಬಿಕೊಂಡು ಅಳುವುದಕ್ಕೆ ಶುರು ಮಾಡಿದಳು. ಸಂತೋಷದ ಅಳುವಿಗೂ ದುಃಖದ ಅಳುವಿಗೂ ಸದ್ದಿನಲ್ಲಿ ವ್ಯತ್ಯಾಸ ಇಲ್ಲ. ನಾನು ಕಲ್ಲಿನ ಹಾಗೆ ನಿಂತಿದ್ದೆ. ನಮ್ಮ ಯಜಮಾನರು ಎದ್ದು ಹೋಗಿ ಆ ಹುಡುಗನ ಭುಜ ಹಿಡಿದು "ಹೋಗ್ಬಾ ತಮ್ಮ, ಚೆನ್ನಾಗಾಗುತ್ತೆ" ಅಂದರು. ಮೂರು ವರ್ಷದಿಂದ ಬಾಯಾರಿಕೆಯಲ್ಲಿ ಬದುಕುತ್ತಿರುವ ಮನುಷ್ಯ. ಅದನ್ನು ನೋಡುತ್ತಾ ನಿಂತಾಗ ನನಗೆ ಯಾಯೀರ ನೆನಪಾದ.

ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ. ಯಾಯೀರನ ಮಗಳು ಸಾಯುತ್ತಿದ್ದಾಳೆ, 12 ವರ್ಷದ ಹುಡುಗಿ. ಅವನು ಯೇಸುವಿನ ಕಾಲಿಗೆ ಬಿದ್ದು ಕರೆದುಕೊಂಡು ಹೊರಟಿದ್ದಾನೆ. ಒಂದೊಂದು ನಿಮಿಷವೂ ಮುಖ್ಯ. ಅಷ್ಟರಲ್ಲಿ ದಾರಿಯಲ್ಲಿ ಒಬ್ಬ ಹೆಂಗಸು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ. 12 ವರ್ಷದಿಂದ ರಕ್ತಸ್ರಾವ. ಇದ್ದದ್ದೆಲ್ಲ ವೈದ್ಯರಿಗೆ ಸುರಿದು ಮುಗಿಸಿದವಳು. ಯೇಸು ನಿಂತುಬಿಡುತ್ತಾನೆ. ಮುಟ್ಟಿದ್ದು ಯಾರು ಅಂತ ಕೇಳುತ್ತಾನೆ, ಹುಡುಕುತ್ತಾನೆ, ಅವಳ ಕತೆಯನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. ಈ ಕತೆಯನ್ನು ನಾನು ಯಾವಾಗಲೂ ಆ ಹೆಂಗಸಿನ ಕಡೆಯಿಂದ ಓದಿದ್ದೆ. ಯಾಯೀರ ಆ ಹೊತ್ತಿನಲ್ಲಿ ಎಲ್ಲಿ ನಿಂತಿದ್ದ? ಪಕ್ಕದಲ್ಲೇ. ಇನ್ನೊಬ್ಬರಿಗೆ ಕರುಣೆ ಸಿಗುವುದನ್ನು ಕಣ್ಣಾರೆ ನೋಡುತ್ತಾ, ತನ್ನ ಮನೆಯ ಹೊತ್ತು ಮೀರುತ್ತಿದೆ ಅಂತ ಗೊತ್ತಿದ್ದೂ. ಅವನು ಏನಾದರೂ ಅಂದ ಅಂತ ಬರೆದಿಲ್ಲ. ಆಕೆ ಇನ್ನೂ ಅಲ್ಲಿರುವಾಗಲೇ ಮಗಳು ತೀರಿಕೊಂಡಳು ಅನ್ನುವ ಸುದ್ದಿ ಬರುತ್ತದೆ. ಆಗ ಯೇಸು ಅವನಿಗೆ, ಭಯಪಡಬೇಡ, ನಂಬಿಕೆ ಒಂದಿರಲಿ ಅನ್ನುತ್ತಾನೆ. ಅಂದು ಅವನ ಮನೆಗೆ ನಡೆಯುತ್ತಾನೆ, ಆ ಮಗುವಿನ ಕೈ ಹಿಡಿದು ಎಬ್ಬಿಸುತ್ತಾನೆ.

ನಮ್ಮ ಕತೆ ಹಾಗೇ ಮುಗಿಯುತ್ತದೆ ಅಂತ ನಾನು ಹೇಳಲಾರೆ. ಕಿಡ್ನಿ ಸಿಗುವ ಮೊದಲೇ ಹೋದವರನ್ನು ನಾವು ಆ ಡಯಾಲಿಸಿಸ್ ವಾರ್ಡಿನಲ್ಲಿ ನೋಡಿದ್ದೇವೆ. ಆಲೂರು ಕಡೆಯಿಂದ ಬರುತ್ತಿದ್ದ ಶುಂಠಿ ಬೆಳೆಯುವ ರೈತರೊಬ್ಬರು, ಪಕ್ಕದ ಹಾಸಿಗೆ, ಒಂದು ಶನಿವಾರ ಬರಲಿಲ್ಲ. ಅವರೂ ನಂಬಿದ್ದವರೇ. ಆದರೆ ಯೇಸು ಆ ಹೆಂಗಸಿಗಾಗಿ ನಿಂತದ್ದು ಯಾಯೀರನನ್ನು ಮರೆತು ಅಲ್ಲ. ಅವಳಿಗೆ ಕೊಟ್ಟದ್ದು ಅವನ ಪಾಲಿನಿಂದ ಕಿತ್ತುಕೊಂಡದ್ದೂ ಅಲ್ಲ. ಇದು ಅವತ್ತು ಬೆಳಗಿನ ಜಾವ ನನಗೆ ಸಿಕ್ಕ ಅಳತೆ. ಅಷ್ಟೇ ಸಿಕ್ಕಿತು, ಸಾಕಾಯಿತು. ಹೋಗಿ ಆ ಹುಡುಗಿಯ ಪಕ್ಕ ಕೂತು, ಮಗುವನ್ನು ಸ್ವಲ್ಪ ಹೊತ್ತು ಎತ್ತಿಕೊಂಡೆ. ಅವಳಿಗೆ ಸಹಿ ಹಾಕುವುದಕ್ಕೆ ಎರಡೂ ಕೈ ಬೇಕಿತ್ತು.

ವಾಪಸ್ ಬರುವಾಗ ಕುಣಿಗಲ್ ದಾಟಿದ ಮೇಲೆ ಬೆಳಗಾಯಿತು. ಯಜಮಾನರು ಕಾರ್ ನಿಲ್ಲಿಸಲು ಹೇಳಿದರು. ಇಳಿದು, ರಸ್ತೆ ಪಕ್ಕದ ಹೊಂಗೆಮರದ ಕೆಳಗೆ ನಿಂತು, ರಾತ್ರಿಯಿಂದ ಮುಟ್ಟದೆ ಇಟ್ಟಿದ್ದ ಬಾಟಲಿ ತೆಗೆದರು. ಒಂದು ಗುಟುಕು ಕುಡಿದರು, ನಿಂತರು, ಇನ್ನೊಂದು ಕುಡಿದರು. "ಅವನಿಗೆ ಇನ್ನು ಎಷ್ಟು ಬೇಕಾದರೂ ನೀರು ಕುಡಿಯಬಹುದು ಅಲ್ವಾ" ಅಂದರು. ಹೂಂ ಅಂದೆ. "ಆ ಮಗುವಿನ ಜೊತೆ ಎಳನೀರು ಕುಡೀತಾನೆ" ಅಂದರು. ಮತ್ತೆ ಒಂದು ಗುಟುಕು ಕುಡಿದು, ಮುಚ್ಚಳ ತಿರುಗಿಸಿ, ಬಾಟಲಿ ಅಲ್ಲಾಡಿಸಿ ನೋಡಿ ನನ್ನ ಕೈಗೆ ಕೊಟ್ಟರು.

ಅದಾಗಿ ವರ್ಷ ದಾಟಿದೆ. ಮತ್ತೆ ಫೋನ್ ಬಂದಿಲ್ಲ. ಮಲಗುವ ಮೊದಲು ಅವರ ಎಡಗೈ ಮೇಲೆ ನನ್ನ ಅಂಗೈ ಇಡುತ್ತೇನೆ, ಫಿಸ್ಟುಲಾ ಓಡುತ್ತಿದೆಯಾ ಅಂತ ದಿನಾ ನೋಡಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಓಡುತ್ತಿದ್ದರೆ ಚರ್ಮದ ಕೆಳಗೆ ಝುಂ ಅನ್ನುತ್ತದೆ, ಅವರ ಅಂಗಡಿಯಲ್ಲಿ ರಿಪೇರಿಯಾದ ಮೋಟಾರ್ ಮೊದಲ ಸಲ ತಿರುಗಿದಾಗ ಬರುವ ಸದ್ದಿನ ಹಾಗೆ. ಅದು ಕೈಗೆ ಸಿಕ್ಕಿದ ಮೇಲೆ ಪ್ರಾರ್ಥನೆ. ಮಗಳು ಆ ಮನೆಯವರಿಗೆ, ಈಗ ಆ ಕಾರಿಡಾರಿನ ಮಗುವಿಗೂ ಸೇರಿಸಿ ಮಾಡುತ್ತಾಳೆ. ಇವತ್ತು ಶುಕ್ರವಾರ. ನಾಳೆ ಆರು ಗಂಟೆಗೇ ಹೊರಡಬೇಕು, ಮೊದಲ ಶಿಫ್ಟ್. ಫೋನ್ ಚಾರ್ಜಿಗೆ ಹಾಕಿದ್ದೇನೆ. ಬಾಟಲಿ ತೊಳೆದು ಕಿಟಕಿ ಹತ್ತಿರ ಬೋರಲು ಹಾಕಿದ್ದೇನೆ.